ಲಾಳಿ ತೂಗುವ ಮೊಳೆ

ನಮ್ಮ ಭಾವ ಕೋದಂಡರಾಮಯ್ಯನವರನ್ನು ದೊಡ್ಡಬಳ್ಳಾಪುರದ ನೇಕಾರರು ‘ಅಣು ರಾಮಯ್ಯ’ ಎಂದು ಕರೆಯುತ್ತಿದ್ದರು. ಮೊದಲು ತಮಾಷೆಗೆ ಕರೆದರು, ಆಮೇಲೆ ಸಿಟ್ಟಿನಿಂದ ಕರೆದರು, ಕೊನೆಗೆ ಯಾರೂ ಹಾಗೆ ಕರೆಯುವ ಧೈರ್ಯ ಮಾಡಲಿಲ್ಲ. ಊರು ಆ ಹೆಸರನ್ನು ಯಾಕೆ ನುಂಗಿಕೊಂಡಿತು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಎಲ್ಲರಿಗೂ ಗೊತ್ತಿರುವುದು ಅರ್ಧ ಮಾತ್ರ. ಉಳಿದರ್ಧ ಅವರು ಹೋದ ಮೇಲೆ ನನ್ನೊಬ್ಬಳ ಕಿವಿಗೆ ಬಿತ್ತು, ಅದು ಅಲ್ಲೇ ಕೂತು ನನ್ನನ್ನು ತಿನ್ನುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಅವರ ಹೆಂಡತಿ ಅಂಜನಮ್ಮನ ತಂಗಿ, ಭಾಗ್ಯ. ನನ್ನನ್ನು ಕೊಟ್ಟಿದ್ದೂ ಅದೇ ಬೀದಿಗೆ, ಅಕ್ಕನ ಪಕ್ಕದ ಮನೆಗೆ. ನಡುವೆ ಒಂದೇ ಗೋಡೆ. ನಮ್ಮ ಬೀದಿಯಲ್ಲಿ ಮನೆಯ ಮುಂಭಾಗವೆಲ್ಲ ಕರೆಂಟಿನ ಮಗ್ಗ, ಹಿಂದೆ ಉಳಿದ ಜಾಗದಲ್ಲಿ ಸಂಸಾರ. ಮಗ್ಗ ಓಡುವಾಗ ಗಂಡ ಹೆಂಡತಿ ಕೂಗಿಕೊಂಡೇ ಮಾತಾಡಬೇಕು. ಹೊರಗಿನವರು ಬಂದರೆ ಇವರು ಜಗಳವಾಡುತ್ತಿದ್ದಾರೆ ಅಂದುಕೊಂಡು ಬಾಗಿಲಲ್ಲೇ ನಿಲ್ಲುತ್ತಾರೆ. ನಮಗೆ ಭಯವಾಗುವುದು ಸದ್ದಾದಾಗಲ್ಲ, ಸದ್ದು ನಿಂತಾಗ.

ಎಂಬತ್ತರ ದಶಕದ ಕೊನೆಯಲ್ಲಿ ಸದ್ದು ನಿಲ್ಲುವುದೇ ಹೆಚ್ಚಾಯಿತು. ಬೆಳಿಗ್ಗೆ ಇಷ್ಟು ಹೊತ್ತು, ಸಂಜೆ ಇಷ್ಟು ಹೊತ್ತು ಕರೆಂಟು ಎಂದು ಪೇಪರಿನಲ್ಲಿ ಬರುತ್ತಿತ್ತು. ಅದನ್ನು ನಂಬಿಕೊಂಡು ಯಾರಾದರೂ ಸ್ನಾನಕ್ಕೆ ಹೋದರೆ ಆಗಲೇ ಬಂದು, ಮೈ ಒರೆಸಿಕೊಳ್ಳುವಷ್ಟರಲ್ಲಿ ಹೋಗಿರುತ್ತಿತ್ತು. ಬಂದಾಗ ತಕ್ಷಣ ಗೊತ್ತಾಗಲಿ ಎಂದು ನಮ್ಮ ಬೀದಿಯವರು ಒಂದು ಉಪಾಯ ಮಾಡಿಕೊಂಡಿದ್ದರು. ಕರೆಂಟು ಹೋದಾಗ ಉಳಿದ ಮಗ್ಗಗಳ ಸ್ವಿಚ್ಚು ಆರಿಸಿ, ಬಾಗಿಲ ಹತ್ತಿರದ ಒಂದನ್ನು ಮಾತ್ರ ಹಾಕಿದ ಹಾಗೇ ಬಿಡುವುದು. ನೂಲು ಇಲ್ಲದಿದ್ದರೆ ಮಗ್ಗವನ್ನು ತಾನಾಗಿ ನಿಲ್ಲಿಸುವ ಒಂದು ಕೊಂಡಿ ಇರುತ್ತದೆ, ಅದನ್ನು ತಂತಿ ಸುತ್ತಿ ಬಿಗಿದುಬಿಡುವುದು. ಕರೆಂಟು ಬಂದ ಕೂಡಲೇ ಆ ಮಗ್ಗ ಬರಿದೇ ಟಕಟಕ ಬಡಿದುಕೊಳ್ಳುತ್ತದೆ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದವಳು, ಜಗಲಿಯ ಮೇಲೆ ಕಣ್ಣು ಮುಚ್ಚಿದ್ದವನು, ಅಂಗಡಿಗೆ ಹೋದವನು, ಎಲ್ಲರೂ ಎದ್ದುಬಿದ್ದು ಬರುತ್ತಾರೆ. ಅದಕ್ಕೆ ‘ಕರೆಯೋ ಮಗ್ಗ’ ಅನ್ನುತ್ತಿದ್ದೆವು.

ಕರೆಯೋ ಮಗ್ಗಕ್ಕೆ ಒಂದು ಕಟ್ಟುಪಾಡಿತ್ತು. ಅದರೊಳಗಿನ ಲಾಳಿಯನ್ನು ತೆಗೆದು, ಪಕ್ಕದ ಗೋಡೆಯ ಮೊಳೆಗೆ ತೂಗುಹಾಕಬೇಕು. ಲಾಳಿ ಅಂದರೆ ಅಡ್ಡನೂಲನ್ನು ಹೊತ್ತು ಆ ಕಡೆಯಿಂದ ಈ ಕಡೆಗೆ ಓಡುವ ಮರದ ದೋಣಿ. ಮೊಳೆಯಲ್ಲಿ ಲಾಳಿ ಇದೆ ಅಂದರೆ ಈ ಮಗ್ಗ ಎಚ್ಚರವಾಗಿದೆ, ಕೈ ಹಾಕಬೇಡ ಎಂದು ಅರ್ಥ. ಮೊಳೆ ಖಾಲಿ ಇದೆ ಅಂದರೆ ಮಗ್ಗ ಸತ್ತ ಹಾಗೆ, ಏನು ಬೇಕಾದರೂ ಮಾಡಿಕೋ. ಸ್ವಿಚ್ಚನ್ನು ಯಾರೂ ನೋಡುತ್ತಿರಲಿಲ್ಲ. ಅದು ಎತ್ತರದಲ್ಲಿ, ನೂಲಿನ ದೂಳು ಮೆತ್ತಿಕೊಂಡು ಮೂಲೆಯಲ್ಲಿರುತ್ತಿತ್ತು. ಕೂಸುಗಳಿಗೂ ನಾವು ಕಲಿಸುತ್ತಿದ್ದುದು ಮೊಳೆ ನೋಡುವುದನ್ನೇ.

ಅಕ್ಕನ ಕೈಯ ವಿಚಾರ ಈಗಲೇ ಹೇಳಿಬಿಡಬೇಕು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದನೂಲು, ಮುಗಿಯುತ್ತ ಬಂದಾಗ ಅದರ ತುದಿಯನ್ನು ಮಗ್ಗದಲ್ಲೇ ಬಿಟ್ಟು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ ಬೂದಿ ಮುಟ್ಟಿಸಿಕೊಂಡ ಬೆರಳಲ್ಲಿ ಹೊಸೆದು ಸೇರಿಸಬೇಕು. ಇದಕ್ಕೆ ಅಚ್ಚು ಕೆಚ್ಚುವುದು ಅನ್ನುತ್ತೇವೆ. ಸಾವಿರಾರು ಎಳೆ. ಒಂದು ತಪ್ಪಿದರೆ ಸೀರೆಯುದ್ದಕ್ಕೂ ಗೆರೆ. ಅಕ್ಕ ಕೂತರೆ ಆ ವೇಗಕ್ಕೆ ಬೆರಳೇ ಕಾಣುತ್ತಿರಲಿಲ್ಲ. ಬೇರೆ ಬೀದಿಯವರೂ ಬಂದು, “ಅಂಜನಮ್ಮಾರೇ, ಒಂದ್ ಅಚ್ಚು ಕೆಚ್ಚಿಕೊಡ್ರಮ್ಮ” ಎಂದು ಕೇಳಿಕೊಳ್ಳುತ್ತಿದ್ದರು. ಭಾವ ಎದುರು ಕೂತು ಎಳೆ ಆರಿಸಿಕೊಡುತ್ತಿದ್ದರು, ಅಕ್ಕ ಹೊಸೆಯುತ್ತಿದ್ದಳು. ಒಬ್ಬಳೇ ಮಗಳನ್ನು ಹಿಂದೂಪುರಕ್ಕೆ ಕೊಟ್ಟ ಮೇಲೆ ಅವರ ಮಾತುಕತೆಯೆಲ್ಲ ನಡೆಯುತ್ತಿದ್ದುದು ಅಲ್ಲೇ. ಮಗ್ಗ ನಿಂತಿರುತ್ತದಲ್ಲ, ಕೂಗಬೇಕಾಗಿರಲಿಲ್ಲ. ಗೋಡೆಯ ಈಚೆ ನನಗೆ ಮಾತು ಕೇಳುತ್ತಿರಲಿಲ್ಲ, ನಗು ಕೇಳುತ್ತಿತ್ತು.

ಭಾವನಿಗೆ ರೇಡಿಯೋ ಹುಚ್ಚು. ಊಟಕ್ಕೆ ಕೂತರೂ ಕಿವಿಯ ಪಕ್ಕದಲ್ಲಿ ಅದು ಇರಬೇಕು. ರಷ್ಯಾದಲ್ಲಿ ಅಣು ವಿದ್ಯುತ್ ಸ್ಥಾವರ ಸಿಡಿದ ಸುದ್ದಿ ಕೇಳಿದ್ದರು. ಆಗ ಅಷ್ಟೇನೂ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಮುಂದಿನ ವರ್ಷದ ಕೊನೆಗೆ ಇಟಲಿಯ ಜನ ವೋಟು ಹಾಕಿ ತಮಗೆ ಅಣು ವಿದ್ಯುತ್ ಬೇಡವೆಂದರು ಎಂದು ರೇಡಿಯೋ ಹೇಳಿತು. ಅದರ ಜೊತೆಗೆ ಇನ್ನೊಂದು ಮಾತು ಹೇಳಿತು: ಸಿಡಿದ ವರ್ಷ ಆ ಗಾಳಿ ಅಲ್ಲಿಯವರೆಗೂ ಬಂದಿತ್ತು, ತಾಯಂದಿರು ಮಕ್ಕಳಿಗೆ ಹಾಲು ಕೊಡಲು ಹೆದರಿ ಚೆಲ್ಲಿದ್ದರು. ಭಾವ ಮುದ್ದೆ ಮುರಿಯುವುದನ್ನು ಬಿಟ್ಟು ಕೂತುಬಿಟ್ಟರು.

“ಹಾಲು ಚೆಲ್ಲಿದ್ರಂತೆ ಕಣೇ,” ಅಂದರು ಅಕ್ಕನಿಗೆ. “ಕೈಯಾರೆ. ಮೋರಿಗೆ.”

“ರಷ್ಯಾದಲ್ಲಿ ಸಿಡಿದ್ರೆ ಇಟಲೀಲಿ ಯಾಕ್ರೀ ಚೆಲ್ತಾರೆ?” ಎಂದಳು ಅಕ್ಕ.

“ಪಕ್ಕದೂರೇ ಇರ್ಬೇಕು,” ಅಂದರು ಭಾವ. ಅವರ ಭೂಗೋಳ ಅಷ್ಟೇ. ನಮ್ಮೂರಿಗೆ ಮಾಕಳಿದುರ್ಗ ಇರುವಷ್ಟೇ ಹತ್ತಿರ ರಷ್ಯಾಕ್ಕೆ ಇಟಲಿ ಎಂದುಕೊಂಡಿದ್ದರು. ನಾನು ಅದನ್ನು ಹೇಳಿ ಎಷ್ಟು ಸಲ ರೇಗಿಸಿದ್ದೇನೋ. ವಿಜ್ಞಾನವೂ ಅಷ್ಟಕ್ಕಷ್ಟೆ. ಆದರೆ ಆ ಹಾಲು ಅವರ ತಲೆಯಿಂದ ಇಳಿಯಲಿಲ್ಲ. ಅಷ್ಟರಲ್ಲಿ ನಮ್ಮ ರಾಜ್ಯದಲ್ಲೇ, ಕಾಳಿ ನದಿಯ ದಂಡೆಯ ಕೈಗಾದಲ್ಲಿ ಅಂಥದೇ ಸ್ಥಾವರ ಏಳುತ್ತಿದೆ, ಅಲ್ಲಿಯ ಜನ ಬೇಡವೆನ್ನುತ್ತಿದ್ದಾರೆ ಎಂಬ ಸುದ್ದಿ ಪೇಪರುಗಳಲ್ಲಿ ಬರತೊಡಗಿತು. ಭಾವ ಟೀ ಅಂಗಡಿಯಲ್ಲಿ ಬಾಯಿ ತೆರೆದರು.

ಇಂಥ ಊರಿನಲ್ಲಿ ಅಂಥ ಮಾತು! ಕರೆಂಟೇ ಅನ್ನ ಆಗಿರುವ ಜನ ನಾವು. ಕರೆಂಟು ಹೋದರೆ ಒಲೆಯೂ ಆರುತ್ತದೆ. ಭಾವನ ಬಾಲ್ಯದ ಗೆಳೆಯ ಚೌಡೇಶ್ ಮಗ್ಗದ ಮಾಲೀಕರ ಸಂಘದ ಕಾರ್ಯದರ್ಶಿ. ಒಳ್ಳೆಯ ಮನುಷ್ಯ, ಆದರೆ ಅವರ ಬಾಯಿ ದೊಡ್ಡದು. ಅವರಿಬ್ಬರ ಜಗಳ ಕೇಳಲೆಂದೇ ಜನ ಇನ್ನೊಂದು ಟೀ ಕುಡಿಯುತ್ತಿದ್ದರು.

“ಲೇ ರಾಮಯ್ಯ, ಇಟಲಿಯವ್ರಿಗೆ ದುಡ್ಡೈತೆ. ಅಣು ಬೇಡ ಅಂದ್ರೂ ಪಕ್ಕದ ದೇಶದವ್ರ ಹತ್ರ ಕರೆಂಟು ಕೊಂಡ್ಕೊಳ್ತಾರೆ. ನಾವ್ ಯಾರತ್ರ ಕೊಂಡ್ಕೊಳ್ಳೋದು, ಹಿಂದೂಪುರದವ್ರ ಹತ್ರಾನಾ?”

“ಅವ್ರಿಗೇ ಇಲ್ವಲ್ಲೋ. ನನ್ನ ಬೀಗರು ಬುಡ್ಡಿ ದೀಪದಲ್ಲಿ ಉಣ್ತಾವ್ರೆ.”

“ಅದಕ್ಕೇ ಹೇಳ್ತಿರೋದು. ಕರೆಂಟಿಲ್ದಿದ್ರೆ ಚಿಕ್ಕಪೇಟೆ ಸೇಟು ಸೂರತ್ತಿಂದ ಸೀರೆ ತರಿಸ್ಕೊತಾನೆ. ಒಂದ್ಸಲ ಹೋದ ವ್ಯಾಪಾರ ಮತ್ತೆ ಬರಲ್ಲ. ದೇಶ ಅನ್ನೋದು ಮುಂದಕ್ಕೆ ಹೋಗ್ಬೇಕೋ ಬೇಡ್ವೋ?”

“ಹೋಗ್ಲಪ್ಪ. ಸ್ವಲ್ಪ ನಿಧಾನಕ್ಕೆ ಹೋಗ್ಲಿ. ನಮ್ಮಪ್ಪ ಕೈಮಗ್ಗದಲ್ಲಿ ನೇಯ್ದು ನಮ್ಮನ್ನ ಸಾಕಲಿಲ್ವಾ? ಅಣುವಿಂದು ಬೂದಿ ಉಳಿಯುತ್ತಂತೆ ಕಣೋ, ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು ಕಾಯ್ತಾ ಕೂತಿರ್ಬೇಕಂತೆ. ಹುಟ್ಟದೇ ಇರೋವ್ರಿಗೆ ಕೂಲಿ ಹಚ್ಚೋಕೆ ನಾವ್ಯಾರು?”

ಈ ಮಾತು ಬಂದರೆ ಚೌಡೇಶರು ಮತ್ತೆ ಸೂರತ್ತಿನ ಸೀರೆಗೇ ಬರುತ್ತಿದ್ದರು. ಕೈಮಗ್ಗದ ಕಾಲಕ್ಕೆ ಹಿಂದಿರುಗುವುದೆಂದರೇನೆಂದು ಕೇಳಿದರೆ ಭಾವ ಮತ್ತೆ ಆ ಹಾಲಿಗೇ ಬರುತ್ತಿದ್ದರು. ಇಬ್ಬರೂ ಸರಿಯಾಗಿಯೇ ಮಾತಾಡುತ್ತಿದ್ದರು ಎಂದು ನನಗೆ ಆಗಲೂ ಅನ್ನಿಸುತ್ತಿತ್ತು, ಈಗಲೂ ಅನ್ನಿಸುತ್ತದೆ. ಅಕ್ಕ ಮಾತ್ರ ಮನೆಯಲ್ಲಿ ಗಂಡನನ್ನು ಗೋಳುಹುಯ್ದುಕೊಂಡು, ಬೀದಿಯಲ್ಲಿ ಯಾರಾದರೂ ‘ಅಣು ರಾಮಯ್ಯ’ ಅಂದರೆ ಉರಿದುಬೀಳುತ್ತಿದ್ದಳು. “ನಿಮ್ಮನೇಲಿ ಯಾರಾದ್ರೂ ಬೇರೆಯವ್ರ ಮಕ್ಕಳಿಗೆ ಅಂತ ಒಂದಿನ ಯೋಚ್ನೆ ಮಾಡವ್ರಾ?” ಎಂದು ಚೌಡೇಶರ ಹೆಂಡತಿಯನ್ನೇ ಕೇಳಿದ್ದಳು. ಗಂಡನ ಮಾತು ಅವಳಿಗೆ ಒಡವೆಯಾಗಿತ್ತು. ಬೇರೆ ಒಡವೆ ಏನೂ ಇರಲಿಲ್ಲ ಬಿಡಿ.

ಎಂಬತ್ತೊಂಬತ್ತರ ಬೇಸಿಗೆಯಲ್ಲಿ ಸಂಘದವರು ಸರ್ಕಾರಕ್ಕೊಂದು ಮನವಿ ತಯಾರಿಸಿದರು. ಕೈಗಾದ ಕೆಲಸ ಬೇಗ ಮುಗಿಸಿ, ಅಲ್ಲಿಯ ಕರೆಂಟಿನಲ್ಲಿ ನಮ್ಮ ಮಗ್ಗಗಳಿಗೆ ಪಾಲು ಕೊಡಿ ಎಂದು. ಊರಿನ ಮಗ್ಗದವರೆಲ್ಲ ಹೆಸರು ಹಾಕಿದರು. ನಮ್ಮ ಮನೆಯವರೂ ಹಾಕಿದರು. ಭಾವ ಹಾಕಲಿಲ್ಲ. ಒಬ್ಬರು ಹಾಕದಿದ್ದರೆ ಊರು ಮುಳುಗುತ್ತಿರಲಿಲ್ಲ, ಆದರೆ ಚೌಡೇಶರಿಗೆ ಅದು ಮಾನದ ಪ್ರಶ್ನೆಯಾಯಿತು. “ಸಭೆ ಕರೀತೀನಿ. ಯಾಕೆ ಹಾಕಲ್ಲ ಅಂತ ಎಲ್ರ ಎದುರಿಗೆ ಹೇಳು. ಜನ ಒಪ್ಪಿದ್ರೆ ನಾನೇ ಹರಿದು ಹಾಕ್ತೀನಿ” ಅಂದರು. ಭಾವ ಸರಿ ಅಂದರು. ಜೀವನದಲ್ಲಿ ಎಂದೂ ಸಭೆಯಲ್ಲಿ ನಿಂತು ಮಾತಾಡಿದವರಲ್ಲ.

ಸಭೆಯ ದಿನ ಬೆಳಿಗ್ಗೆಯೇ ಕರೆಂಟು ಹೋಯಿತು. ಭಾವ ಎಂದಿನಂತೆ ಬಾಗಿಲ ಹತ್ತಿರದ ಮಗ್ಗವನ್ನು ಕರೆಯುವುದಕ್ಕೆ ಬಿಟ್ಟು, ಲಾಳಿ ತೂಗುಹಾಕಿದರು. ಒಗೆದ ಶರಟು ಹಾಕಿಕೊಂಡು ಸಂಘದ ಕಟ್ಟಡಕ್ಕೆ ಹೊರಟಾಗ ನಾನು ನಮ್ಮ ಜಗಲಿಯ ಮೇಲೆ ಲಾಳಿಯೊಳಗೆ ಕೂರಿಸುವ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಅವರ ಕೈಯಲ್ಲಿ ಲಾಳಿ ಇತ್ತು.

“ಏನ್ ಭಾವ, ಯುದ್ಧಕ್ಕೆ ಹೊರಟ್ರಾ?” ಎಂದು ಕೇಳಿದೆ.

“ಹೂಂ ಕಣಮ್ಮ. ಇದನ್ನ ತೋರಿಸ್ತೀನಿ. ನಾನೂ ಇದರಲ್ಲೇ ಉಣ್ಣೋನು ಅಂತ,” ಎಂದು ಅದನ್ನು ಎತ್ತಿ ಹಿಡಿದು ನಕ್ಕರು. ಯಾವ ಮಗ್ಗದ ಲಾಳಿ, ಎಲ್ಲಿಂದ ತೆಗೆದದ್ದು ಎಂದು ಕೇಳುವ ಯೋಚನೆ ಯಾರಿಗೆ ಬರುತ್ತದೆ? ಮನೆಯಲ್ಲಿ ನಾಲ್ಕು ಮಗ್ಗವಿದ್ದರೆ ಲಾಳಿಗೆ ಬರವೇ?

ಊಟ ಮುಗಿದ ಮೇಲೆ ಅಕ್ಕ ಅಚ್ಚು ಕೆಚ್ಚಲು ಕೂತಳು. ಆ ಬಾಗಿಲ ಹತ್ತಿರದ ಮಗ್ಗದ ಹಾಸು ಮುಗಿದಿತ್ತು, ಹೊಸ ಹಾಸು ಬಂದು ಮೂಲೆಯಲ್ಲಿ ಕಾಯುತ್ತಿತ್ತು. ಒಳಗೆ ಕತ್ತಲು, ಬಾಗಿಲ ಹತ್ತಿರ ಬಿಸಿಲಿನ ಬೆಳಕು ಚೆನ್ನಾಗಿತ್ತು. ಗಂಡ ಬರುವಷ್ಟರಲ್ಲಿ ಅಣಿ ಮಾಡಿಟ್ಟರೆ, ಆಮೇಲೆ ಇಬ್ಬರೂ ಎದುರುಬದುರು ಕೂತು ಸಭೆಯ ಕತೆ ಮಾತಾಡಿಕೊಳ್ಳುತ್ತ ಮುಗಿಸಬಹುದು ಅಂದುಕೊಂಡಿರಬೇಕು. ಮೊಳೆ ನೋಡಿದಳು. ಖಾಲಿ ಇತ್ತು. ಮಗ್ಗದ ಪಕ್ಕದ ಹಲ್ಲುಚಕ್ರದ ಸಂದಿನಿಂದ ಕೈ ತೂರಿಸಿ ಹಳೆಯ ಹಾಸಿನ ತುದಿಯನ್ನು ಬಿಡಿಸತೊಡಗಿದಳು.

ಕರೆಂಟು ಬಂತು.

ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಕರೆದವು. ಗೋಡೆಯ ಆಚೆಯದೂ ಕರೆಯಿತು, ಎರಡು ಸಲ ಬಡಿದು ತಡವರಿಸಿತು, ಮತ್ತೆ ಬಡಿಯಿತು. ಆ ತಡವರಿಸಿದ ಸದ್ದು ಏನೆಂದು ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ. ನಾನು ಕಂಡಿಕೆ ಎಸೆದು ಓಡಿದೆ. ಸ್ವಿಚ್ಚು ಆರಿಸಿದವಳು ನಾನೇ. ಅಕ್ಕ ಕೂಗಲೇ ಇಲ್ಲ. ಮೊಳೆಯನ್ನೇ ನೋಡುತ್ತಿದ್ದಳು.

ಅತ್ತ ಸಭೆಯಲ್ಲಿ ನಡೆದದ್ದನ್ನು ಚೌಡೇಶರು ಆಮೇಲೆ ಹೇಳಿದರು. ಭಾವ ಚೆನ್ನಾಗಿ ಮಾತಾಡಿದರಂತೆ. ಲಾಳಿ ಎತ್ತಿ ಹಿಡಿದು, “ಇದು ಓಡ್ಬೇಕು, ನಂಗೂ ಆಸೆ. ಆದ್ರೆ ಇನ್ನೊಬ್ರ ಮನೆ ಹಾಲು ಚೆಲ್ಲಿಸಿ ಓಡೋದು ಬೇಡ” ಎಂದಾಗ ಕೆಲವರು ತಲೆದೂಗಿದ್ದರಂತೆ. ಅಷ್ಟರಲ್ಲಿ ಹೊರಗೆ ಮಗ್ಗಗಳು ಕರೆದವು. ಸಭೆಗೆ ಸಭೆಯೇ ಎದ್ದು ತಮ್ಮ ತಮ್ಮ ಮನೆಗೆ ಓಡಿತು. ಖಾಲಿ ಬೆಂಚುಗಳ ಎದುರು ನಿಂತು ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. “ಕರೆಂಟೇ ಬಂದು ನನ್ನ ಭಾಷಣ ಮುಗಿಸ್ತು ನೋಡೋ ಚೌಡೇಶ!” ಅಂದರಂತೆ.

ಆ ನಗು ಮುಖದಲ್ಲಿ ಇನ್ನೂ ಇರುವಾಗಲೇ ಅವರು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರು. ನಾವು ಅಕ್ಕನನ್ನು ಟೆಂಪೋಗೆ ಹತ್ತಿಸುತ್ತಿದ್ದೆವು. ಅವಳ ಬಲಗೈಗೆ ಸುತ್ತಿದ್ದ ಹೊಸ ಸೀರೆಯ ಬಣ್ಣ ಯಾವುದೆಂದು ಗೊತ್ತಾಗುತ್ತಿರಲಿಲ್ಲ. ಭಾವ ಅವಳನ್ನು ನೋಡಿದರು, ಆಮೇಲೆ ತಮ್ಮ ಕೈಯಲ್ಲಿದ್ದ ಲಾಳಿಯನ್ನು ನೋಡಿಕೊಂಡರು. ನಾನು ಅನೇಕ ಸಾವುಗಳನ್ನು ನೋಡಿದ್ದೇನೆ, ಆದರೆ ಮನುಷ್ಯನ ಮುಖ ಅಷ್ಟು ಬೇಗ ಬೂದಿಯಾಗುವುದನ್ನು ಮತ್ತೆಲ್ಲೂ ನೋಡಿಲ್ಲ. ಬೀದಿಯವರೆಲ್ಲ ಸೇರಿದ್ದರು. ಆ ಎಲ್ಲರ ಎದುರಿಗೆ ಅವರು ಹೇಳಿದರು: “ನಾನೇ ಲಾಳಿ ತೆಗೆದೆ. ಮೊಳೆಯಿಂದ ನಾನೇ ತೆಗೆದೆ.”

ಬೆಂಗಳೂರಿನ ಆಸ್ಪತ್ರೆಯಲ್ಲಿ ಮಣಿಕಟ್ಟಿನಿಂದ ಕೆಳಗೆ ಕೈ ಉಳಿಯಲಿಲ್ಲ.

ಊರು ತೀರ್ಪು ಕೊಡಲು ತಡಮಾಡಲಿಲ್ಲ. ಕರೆಂಟು ಬೇಡ ಎಂದು ಭಾಷಣ ಮಾಡಲು ಹೋದವನು ಹೆಂಡತಿಯ ಕೈಯನ್ನೇ ಕರೆಂಟಿಗೆ ಕೊಟ್ಟ ಎಂದಿತು. ಕರೆಂಟು ಹೊತ್ತಿಗೆ ಸರಿಯಾಗಿ ಬರುವಂತಿದ್ದರೆ ಕರೆಯೋ ಮಗ್ಗವೇ ಬೇಕಿರಲಿಲ್ಲ, ಇಂಥವರಿಂದಲೇ ದೇಶಕ್ಕೆ ಈ ಗತಿ ಎಂದಿತು. ಭಾವ ಯಾವ ಮಾತಿಗೂ ಎದುರಾಡಲಿಲ್ಲ. ಅಕ್ಕ ಇನ್ನೂ ಆಸ್ಪತ್ರೆಯಲ್ಲಿರುವಾಗಲೇ ಒಂದು ಮಧ್ಯಾಹ್ನ ಚೌಡೇಶರ ಮನೆಗೆ ಹೋಗಿ, “ಎಲ್ಲೋ ಆ ಕಾಗದ, ಕೊಡು” ಅಂದರು.

ಚೌಡೇಶರು ಕೊಡಲಿಲ್ಲ. “ಬೇಡ ಕಣೋ ರಾಮಯ್ಯ. ಈಗ ಬೇಡ. ನೀನು ಹಿಂಗೆ ಬಂದು ಹಾಕೋದು ನಂಗೆ ಬೇಡ,” ಎಂದು ಅತ್ತರಂತೆ. ಭಾವ ಬಾಗಿಲಲ್ಲಿ ಕೂತು ಎದ್ದು ಹೋಗಲೇ ಇಲ್ಲ. ಕೊನೆಗೆ ಕೊಟ್ಟರು. ಎಲ್ಲರ ಹೆಸರಿನ ಕೆಳಗೆ, ಮಿಕ್ಕಿದ್ದ ಜಾಗದಲ್ಲಿ, ಭಾವ ದೊಡ್ಡದಾಗಿ ತಮ್ಮ ಹೆಸರು ಬರೆದರು. ಒಬ್ಬ ಮನುಷ್ಯ ತಾನು ನಂಬಿದ ಒಂದೇ ಒಂದು ದೊಡ್ಡ ಸಂಗತಿಯನ್ನು ಹೀಗೆ ಕೈಬಿಟ್ಟ. ಯಾರೂ ಬಲವಂತ ಮಾಡಲಿಲ್ಲ. ಯಾವ ವಾದಕ್ಕೂ ಅವರು ಸೋಲಲಿಲ್ಲ. ತನ್ನ ಮಾತಿನಿಂದ ಹೆಂಡತಿಯ ಕೈ ಹೋಯಿತು, ಆದ್ದರಿಂದ ತನ್ನ ಮಾತೂ ಹೋಗಲಿ ಎಂದು ಲೆಕ್ಕ ಸಮ ಮಾಡಿಕೊಂಡರು, ಅಷ್ಟೆ.

ಆ ಸುದ್ದಿಯನ್ನು ಅಕ್ಕನಿಗೆ ಹೇಳಿದ್ದು ಚೌಡೇಶರೇ. ಮೂಸಂಬಿ ತಂದು ಮಂಚದ ಪಕ್ಕ ಇಟ್ಟು, “ಅತ್ತಿಗೆ, ಅವ್ನು ಸಹಿ ಹಾಕ್ಬಿಟ್ಟ. ನಾನು ಬೇಡ ಅಂದೆ” ಅಂದರು. ಅಕ್ಕ ಗೋಡೆಯ ಕಡೆ ತಿರುಗಿಕೊಂಡಳು. ಅವಳ ಬೆನ್ನು ಅಲುಗುತ್ತಿತ್ತು. ಗಂಡನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ ಎಂದು ನಾವು ತಿಳಿದುಕೊಂಡೆವು.

ಅಕ್ಕನನ್ನು ಮನೆಗೆ ಕರೆತಂದ ಮೇಲೆ ಭಾವ ಮೊದಲು ಮಾಡಿದ ಕೆಲಸ ಮೊಳೆಯನ್ನು ಕಿತ್ತದ್ದು. ತೂತಿಗೆ ಸುಣ್ಣ ಮೆತ್ತಿದರು. ಅವರ ಮನೆಯಲ್ಲಿ ಕರೆಯೋ ಮಗ್ಗ ಇಲ್ಲವಾಯಿತು. ಕರೆಂಟು ಹೋದಾಗ ನಾಲ್ಕೂ ಸ್ವಿಚ್ಚು ಆರಿಸಿ, ಒಂದೊಂದನ್ನೂ ಮುಟ್ಟಿ ನೋಡಿ, ಜಗಲಿಯ ಮೇಲೆ ಬಂದು ಕೂರುತ್ತಿದ್ದರು. ನಮ್ಮ ಮನೆಯ ಮಗ್ಗ ಕರೆದಾಗ ಎದ್ದು ಒಳಗೆ ಹೋಗುತ್ತಿದ್ದರು. ಅಡಿಗೆ ಕಲಿತರು. ಅಕ್ಕನ ತಲೆ ಬಾಚುವುದನ್ನು ಕಲಿತರು. ಮೊದಮೊದಲು ಜಡೆ ಒಂದು ಕಡೆಗೆ ವಾಲಿಕೊಂಡಿರುತ್ತಿತ್ತು, ನಾನು ಕಂಡರೂ ತಿದ್ದುತ್ತಿರಲಿಲ್ಲ. ಅಚ್ಚು ಕೆಚ್ಚುವುದನ್ನೂ ಕಲಿತರು. ಈಗ ಅಕ್ಕ ಎಡಗೈಯಲ್ಲಿ ಎಳೆ ಆರಿಸಿಕೊಡುವುದು, ಭಾವ ಹೊಸೆಯುವುದು. ಅವರ ದಪ್ಪ ಬೆರಳಿಗೆ ಅದು ಬಗ್ಗಲೇ ಇಲ್ಲ. ಹೊಸೆದದ್ದು ಬಿಚ್ಚಿಕೊಳ್ಳುತ್ತಿತ್ತು, ಸೀರೆಯಲ್ಲಿ ಗೆರೆ ಬೀಳುತ್ತಿತ್ತು, ಸೇಟು ಗೊಣಗುತ್ತಿದ್ದ. ಅಕ್ಕ ಒಂದು ದಿನವೂ ಬೈಯಲಿಲ್ಲ. ಇಬ್ಬರೂ ಎದುರುಬದುರು ಕೂತಿರುತ್ತಿದ್ದರು, ಮಗ್ಗ ನಿಂತಿರುತ್ತಿತ್ತು. ಗೋಡೆಯ ಈಚೆ ನನಗೆ ನಗು ಕೇಳಿಸಲಿಲ್ಲ, ಮಾತೂ ಕೇಳಿಸಲಿಲ್ಲ.

ವರ್ಷಗಳು ಹೋದವು. ಬೀದಿಯಲ್ಲಿ ಕೆಲವರು ಮಗ್ಗ ಮಾರಿಕೊಂಡರು, ಕೆಲವರು ಹೊಸದು ಹಾಕಿದರು. ಕರೆಂಟಿನ ಗೋಳು ಒಂದು ವರ್ಷ ಕಡಿಮೆ, ಒಂದು ವರ್ಷ ಹೆಚ್ಚು. ಕೈಗಾದ ಕೆಲಸ ನಡೆಯುತ್ತಲೇ ಇತ್ತು. ಆ ಹೆಸರು ಪೇಪರಿನಲ್ಲಿ ಕಂಡರೆ ಭಾವ ಹಾಳೆ ತಿರುವುತ್ತಿದ್ದರು. ರೇಡಿಯೋದಲ್ಲಿ ವಾರ್ತೆ ಶುರುವಾದರೆ ಅದರ ಕಿವಿ ತಿರುಚಿ ಹಾಡಿಗೆ ಹಾಕುತ್ತಿದ್ದರು. ಟೀ ಅಂಗಡಿಯಲ್ಲಿ ಮಾತು ಬೆಳೆದರೆ ಲೋಟ ಇಟ್ಟು ಬರುತ್ತಿದ್ದರು.

ತೊಂಬತ್ತೆಂಟರ ಕೊನೆಯಲ್ಲಿ, ದೀಪಾವಳಿಯ ಆಸುಪಾಸಿನಲ್ಲಿ, ಚೌಡೇಶರು ಪೇಪರು ಹಿಡಿದುಕೊಂಡು ಬಂದರು. ಆಗಲೇ ಕೂದಲೆಲ್ಲ ನೆರೆತು, ದೊಡ್ಡ ಬಾಯಿ ಸಣ್ಣದಾಗಿತ್ತು. ಭಾವ ಜಗಲಿಯ ಮೇಲಿದ್ದರು, ನಾನು ಅಕ್ಕನಿಗೆ ಅವರೆಕಾಯಿ ಸುಲಿದುಕೊಡುತ್ತ ಬಾಗಿಲಲ್ಲಿದ್ದೆ.

“ರಾಮಯ್ಯ, ಇದು ನೋಡೋ. ಜರ್ಮನಿಯೂ ಬಿಡುತ್ತಂತೆ. ಹೊಸ ಸರ್ಕಾರ ಬಂದದೆ, ಅಣು ಸ್ಥಾವರಗಳನ್ನ ಒಂದೊಂದಾಗಿ ಮುಚ್ತೀವಿ ಅಂದವ್ರೆ. ಅಷ್ಟು ದೊಡ್ಡ ದೇಶ, ಅಷ್ಟು ಕಾರ್ಖಾನೆ. ಹೆಂಗೆ ನಡೆಸ್ತಾರೋ, ಮುಂದೆ ಉಣ್ತಾರೋ ಬಿಡ್ತಾರೋ, ನಂಗೊತ್ತಿಲ್ಲ. ಆದ್ರೆ ನೀನು ಅಂದಿದ್ದೆಯಲ್ಲೋ ಅವತ್ತು. ನಿಧಾನಕ್ಕೆ ಹೋಗ್ಲಿ ಅಂತ. ಅದನ್ನೇ ಅಂದವ್ರೆ.”

ಗೆಳೆಯನಿಗೆ ಏನೋ ಒಂದನ್ನು ಹಿಂದಿರುಗಿಸಬೇಕೆಂದು ಆ ಮನುಷ್ಯ ಓಡಿ ಬಂದಿದ್ದರು. ಭಾವ ಪೇಪರನ್ನು ಮುಟ್ಟಲಿಲ್ಲ.

“ನಾನೇನಂದಿದ್ದೆ? ನಂಗೇನೂ ಗೊತ್ತಿಲ್ಲ ಕಣಪ್ಪ,” ಅಂದರು. “ನಾನು ಸಹಿ ಹಾಕಿದೋನು.”

ಒಳಗಿನಿಂದ ಅಕ್ಕ ಎದ್ದು ಬಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತಳು. “ರೀ,” ಅಂದಳು. ಅವರು ತಿರುಗಿ ನೋಡಿದರು. ಅವಳ ಬಾಯಿ ತೆರೆಯಿತು, ಮುಚ್ಚಿತು. “ಏನು ಹೇಳೇ,” ಅಂದರು ಭಾವ, ತುಂಬ ಮೆತ್ತಗೆ. “ಏನಿಲ್ಲ. ಟೀ ಇಡ್ಲಾ?” ಅಂದಳು ಅಕ್ಕ.

ಟೀ ಕುಡಿದು ಚೌಡೇಶರು ಹೋದರು. ಪೇಪರು ಜಗಲಿಯ ಮೇಲೆಯೇ ಉಳಿಯಿತು. ಅಕ್ಕ ಅದನ್ನು ಮಡಿಸಿ ಒಳಗಿಟ್ಟಳು.

ಮುಂದಿನ ವರ್ಷ ಶಿವರಾತ್ರಿ ಕಳೆದ ಮೇಲೆ ಭಾವ ಹೋದರು. ಎದೆನೋವು ಅಂದರು, ಆಸ್ಪತ್ರೆ ತಲುಪಲಿಲ್ಲ. ಕಾರ್ಯವೆಲ್ಲ ಮುಗಿದು, ಮಗಳು ಹಿಂದೂಪುರಕ್ಕೆ ಹೊರಟ ದಿನ ಮಧ್ಯಾಹ್ನ ನಾನು ಅಕ್ಕನ ಜೊತೆ ಮಗ್ಗದ ಕೋಣೆಯಲ್ಲಿ ಕೂತಿದ್ದೆ. ಕರೆಂಟಿರಲಿಲ್ಲ. ಭಾವ ಅರ್ಧ ಕೆಚ್ಚಿಟ್ಟಿದ್ದ ಅಚ್ಚು ಬಾಗಿಲ ಹತ್ತಿರದ ಮಗ್ಗದಲ್ಲಿ ಹಾಗೇ ಇತ್ತು. ಅಲ್ಲಲ್ಲಿ ಬಿಚ್ಚಿಕೊಂಡು ನೇತಾಡುತ್ತಿತ್ತು. ಅಕ್ಕ ಲಾಳಿಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು.

“ಲಾಳಿ ಅವ್ರು ತೆಗೀಲಿಲ್ಲ ಕಣೇ ಭಾಗ್ಯ,” ಅಂದಳು.

ನನಗೆ ಅರ್ಥವಾಗಲಿಲ್ಲ.

“ಅವತ್ತು ಸಭೆಗೆ ಹೊರಟಾಗ ಹೆದರ್ಕೊಂಡಿದ್ರು. ಬರಿಗೈಲಿ ನಿಂತ್ರೆ ಮಾತೇ ಬರಲ್ಲ ಅಂದ್ರು. ನಾನೇ ಮೊಳೆಯಿಂದ ತೆಗೆದು ಕೈಗೆ ಕೊಟ್ಟೆ. ಇದನ್ನ ಹಿಡ್ಕೊಳ್ಳಿ, ಧೈರ್ಯ ಬರುತ್ತೆ ಅಂದೆ. ಆಮೇಲೆ ಮುದ್ದೆ ಬೇಯಿಸಿ, ಉಂಡು, ಪಾತ್ರೆ ತೊಳೆಯೋಷ್ಟರಲ್ಲಿ ಮರ್ತೇ ಹೋಯ್ತು. ಮೊಳೆ ನೋಡಿದೆ. ಖಾಲಿ ಇತ್ತಲ್ಲೇ. ಕಣ್ಣು ಮೊಳೆ ನೋಡ್ತದೆ, ಕೈ ಹೋಗ್ತದೆ.”

“ಭಾವ ಯಾಕೆ ಹಂಗಂದ್ರು ಮತ್ತೆ? ಬೀದಿಯವ್ರ ಎದುರಿಗೆಲ್ಲ?”

“ನನ್ನ ಮುಖ ನೋಡಿದ್ರು. ನಾನೇ ಮಾಡ್ಕೊಂಡೆ ಅಂತ ನಾಲ್ಕು ಜನ ಆಡ್ಕೊಬಾರ್ದು ಅಂತ ತಗೊಂಡುಬಿಟ್ರು. ನಾನು ಸುಮ್ನಿದ್ದೆ. ಮೊದಲು ನೋವು. ಆಮೇಲೆ ಸಿಟ್ಟು ಕಣೇ. ಕೈ ಹೋದ ಸಿಟ್ಟು ಯಾರ ಮೇಲೆ ಹಾಕ್ಲಿ? ಅವ್ರೇ ಬಂದು ಎದುರಿಗೆ ನಿಂತಿದ್ರು, ಹಾಕ್ದೆ. ಸಹಿ ಹಾಕ್ಬಿಟ್ರು ಅಂತ ಚೌಡೇಶಣ್ಣ ಹೇಳಿದಾಗ ಎದೆ ಒಡೆದುಹೋಯ್ತು. ಅವತ್ತಾದ್ರೂ ಹೇಳ್ಬೇಕಿತ್ತು. ನೀವ್ಯಾಕ್ರೀ ಮಾತು ಬಿಟ್ರಿ, ತಪ್ಪು ನಂದು ಅಂತ. ಒಂದೇ ಒಂದ್ಸಲ ಅವ್ರು ನನ್ನ ಬೈದಿದ್ರೆ ಹೇಳ್ಬಿಡ್ತಿದ್ದೆ. ಬೈಲಿಲ್ಲ. ತಲೆ ಬಾಚಿದ್ರು.”

ಅವಳ ಮೇಲೆ ಕೋಪ ಬಂತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು. ಅವರಿಗೆ ಎಲ್ಲ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಒಬ್ಬರ ಎದುರು ಒಬ್ಬರು ಕೂತು ಅಷ್ಟು ವರ್ಷ ಎಳೆ ಎಳೆ ಸೇರಿಸಿದರು, ಈ ಒಂದನ್ನು ಬಿಟ್ಟು.

ಆಗ ಕರೆಂಟು ಬಂತು. ನಮ್ಮ ಮನೆಯ ಮಗ್ಗ ಕರೆಯಿತು, ಅದರ ಹಿಂದೆಯೇ ಬೀದಿಯ ಉಳಿದ ಮಗ್ಗಗಳೆಲ್ಲ. ಈ ಮನೆಯ ನಾಲ್ಕೂ ಸುಮ್ಮನಿದ್ದವು. ಅಕ್ಕ ಬೆಚ್ಚಿ ಎದ್ದು, ಎಡಗೈಯಲ್ಲಿ ಲಾಳಿ ಹಿಡಿದು ಗೋಡೆಯವರೆಗೆ ಹೋದಳು, ಮೊಳೆಗೆ ತೂಗುಹಾಕಲು ಕೈ ಎತ್ತಿದಳು. ಅಲ್ಲಿ ಸುಣ್ಣ ಮೆತ್ತಿದ ತೂತಷ್ಟೇ ಇತ್ತು. ಮೊಳೆ ಇಲ್ಲವೆಂದು ಗೊತ್ತಿದ್ದೂ ಅವಳು ಎತ್ತಿದ ಕೈಯನ್ನು ಇಳಿಸಲಿಲ್ಲ.

“ಎಲ್ಲಿ ತೂಗ್ಲಿ ಭಾಗ್ಯ?” ಎಂದು ಕೇಳಿದಳು.

ಮಗ್ಗಗಳ ಸದ್ದಿನ ನಡುವೆ ಅದನ್ನು ಅವಳು ಕೂಗಿಯೇ ಕೇಳಬೇಕಾಯಿತು.